ಬಂದ್ ಎಂದರೆ ಚಾಲೂ

ಗೋರೆಗಾಂವ್ ಬಿಟ್ಟ ಲೋಕಲ್ ಮಲಾಡ್ ಮುಟ್ಟುವುದರೊಳಗೆ ತಾನೊಬ್ಬ ಕತ್ತೆ ಎಂಬುದು ಕಾಶಿನಾಥನಿಗೆ ಖಚಿತವಾಯಿತು. ಇದೇನು ಹೊಸ ಸಂಗತಿಯಲ್ಲ. ಹೆಂಡತಿ ಶಿವಕುಮಾರಿ ಹತ್ತೊಂಬತ್ತು ವರ್ಷಗಳಿಂದ ನಾನಾ ಮಾತುಗಳಲ್ಲಿ ಇದನ್ನೇ ಹೇಳುತ್ತ ಬಂದಿದ್ದಳು. ಪುರಾವೆ ಸಿಕ್ಕಿದ್ದು ಮಾತ್ರ ಇವತ್ತು. ಬೆಳಿಗ್ಗೆ ಎಂಟರ ಹೊತ್ತು, ಇಡೀ ಊರು ದಕ್ಷಿಣಕ್ಕೆ ನುಗ್ಗುವಾಗ ಉತ್ತರಕ್ಕೆ ಬೊರಿವಲಿಗೆ ಹೋಗುವವರಿಗೆ ಕೂರಲು ಜಾಗ ಸಿಗುತ್ತದೆ. ಕೂತವನಿಗೆ ಯೋಚನೆ ಬರುತ್ತದೆ. ನಿಂತು ಜೋತಾಡುತ್ತಿದ್ದರೆ ಈ ಪೀಡೆ ಇರುತ್ತಿರಲಿಲ್ಲ. ಎದುರಿಗಿದ್ದ ಬಿಹಾರದ ಕಡೆಯ ಮುದುಕ ತಲೆಯ ಮೇಲೆ ಸುಮ್ಮನೆ ನಿಂತಿದ್ದ ಫ್ಯಾನನ್ನು ನೋಡಿ, "ಪಂಖಾ ಖೋಲ್ ದೋ ಭಾಯ್" ಅಂದ, ಫ್ಯಾನು ತೆರೆ ಎಂದು. ಪಕ್ಕದವನು "ಖುಲಾ ಹೈ ಚಾಚಾ, ಫಿರ್ ಭೀ ಬಂದ್ ಹೈ" ಎಂದು ಜೇಬಿನ ಬಾಚಣಿಗೆ ತೆಗೆದು, ಜಾಲರಿಯೊಳಗೆ ತೂರಿಸಿ, ರೆಕ್ಕೆಗೊಂದು ನೂಕು ಕೊಟ್ಟ. ಫ್ಯಾನು ಗೊಣಗುತ್ತ ತಿರುಗಿತು. ಎಲ್ಲರಿಗೂ ಗಾಳಿ ಬಂತು. ಕಾಶಿನಾಥನಿಗೆ ಮಾತ್ರ ಬೆವರು ಬಂತು. ತೆರೆದರೆ ತಿರುಗಬೇಕು, ಬಂದ್ ಆದರೆ ನಿಲ್ಲಬೇಕು: ನಳಕ್ಕೆ ಹಾಗೆ, ಅಂಗಡಿಗೆ ಹಾಗೆ, ಈ ಊರಿನಲ್ಲಿ ಸಕಲಕ್ಕೂ ಹಾಗೆ. ಕರೆಂಟಿಗೆ ಮಾತ್ರ ತದ್ವಿರುದ್ಧ. ತಂತಿಗೆ ತಂತಿ ಕೂಡಿ ಸುತ್ತು ಮುಚ್ಚಿಕೊಂಡರೇ ಅದು ಹರಿಯುವುದು, ಬಾಯಿ ತೆರೆದುಕೊಂಡರೆ ನಿಲ್ಲುವುದು. ಇಪ್ಪತ್ತೈದು ವರ್ಷ ತಂತಿ ಕಚ್ಚಿ ಸಿಪ್ಪೆ ಸುಲಿದವನಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೈಗೆ ಗೊತ್ತಿತ್ತು. ಹಾಳಾದ್ದು, ತಲೆ ನಡುವೆ ಬಂತು.

ತಲೆ ನಡುವೆ ಬಂದದ್ದು ಮಳೆಗಾಲದಲ್ಲಿ. ಬೊರಿವಲಿಯ ಸದಾನಂದ ಸೇಠರ ಇಡ್ಲಿಹಿಟ್ಟಿನ ಕಾರ್ಖಾನೆಯಲ್ಲಿ ಸೂರಿನಿಂದ ಸೋರಿದ ನೀರು ನೇರವಾಗಿ ಹೋಗಿ ಪಿಎಲ್‌ಸಿಯ ನೆತ್ತಿಗೆ ಬಿತ್ತು. ಯಾವ ಮೋಟಾರು ಎಷ್ಟು ಹೊತ್ತು ತಿರುಗಬೇಕು, ಅಕ್ಕಿಗೆ ನೀರು ಯಾವಾಗ ಬಿಡಬೇಕು ಎಂದು ಯಂತ್ರಗಳಿಗೆಲ್ಲ ಅಪ್ಪಣೆ ಕೊಡುವ ಬೂದು ಬಣ್ಣದ ಡಬ್ಬಿ ಅದು. ಹೊಸದು ಬರಲು ಎರಡು ತಿಂಗಳಾಗುತ್ತದೆ ಎಂದರು ಕಂಪನಿಯವರು. ಮಾಟುಂಗದ ಹೋಟೆಲುಗಳಿಗೆ ದಿನವೂ ಟೆಂಪೋದಲ್ಲಿ ಹಿಟ್ಟು ಕಳಿಸುವ ಸೇಠರು ಉಡುಪಿಯ ಸಮಸ್ತ ದೇವರುಗಳನ್ನು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದಾಗ, ಅಲ್ಲಿ ತಂತಿಯ ಕೆಲಸ ನೋಡಿಕೊಳ್ಳುತ್ತಿದ್ದ ಕಾಶಿನಾಥ ಬಾಯಿ ಬಿಟ್ಟ. ಪವಾಯಿಯ ದೊಡ್ಡ ಕಾಲೇಜಿನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಗುತ್ತಿಗೆಯ ವೈರ್‌ಮನ್ ಆಗಿದ್ದವನು ಅವನು. ಅಲ್ಲಿನ ಹುಡುಗರು ಅಂಗೈಯಗಲದ, ಬರೀ ಮೈಯ ಕಂಪ್ಯೂಟರ್ ಬೋರ್ಡು ಇಟ್ಟುಕೊಂಡು ಏನೇನೋ ಕುಣಿಸುವುದನ್ನು ಏಣಿಯ ಮೇಲೆ ಟ್ಯೂಬ್‌ಲೈಟ್ ಬದಲಿಸುತ್ತ ನೋಡಿದ್ದ. ಪ್ರೊಫೆಸರ್ ಒಬ್ಬರು ಅವನಿದ್ದ ಏಣಿಯ ಕಾಲನ್ನು ತಟ್ಟಿ, "ಹೆಲ್ಪರ್, ನೆರಳು ಬೀಳ್ತಿದೆ, ಆಚೆ ಸರಿ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದು, ತಾನು ಸರಿದದ್ದು, ಹುಡುಗಿಯೊಬ್ಬಳು ನಕ್ಕದ್ದು ಎಲ್ಲ ಈಗಲೂ ನೆನಪಿದೆ. ಹೆಲ್ಪರ್ ಅಂತೆ! ಆ ಬೋರ್ಡಿಗೆ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿ, ಮೋಟಾರುಗಳನ್ನು ಓಡಿಸಿ ನಿಲ್ಲಿಸುವ ಒಂದು ಸಾಲು ರಿಲೇ ಜೋಡಿಸಿದರೆ, ಅದು ತಾನೇ ಪಿಎಲ್‌ಸಿ ಎಂದು ನಂಬಿಬಿಡುತ್ತದೆ ಎಂದ ಕಾಶಿನಾಥ. ಮಾಡಿಯೂ ತೋರಿಸಿದ. ಬೋರ್ಡು ತಾನು ಪಿಎಲ್‌ಸಿ ಎಂದು ನಂಬಿತು, ಕಾಶಿನಾಥ ತಾನು ಇಂಜಿನಿಯರ್ ಎಂದು ನಂಬಿದ. ಇಬ್ಬರಿಗೂ ಸರಿಯಾಗಿ ಮೂರು ವಾರ ಹಿಡಿಯಿತು. ಸೇಠರು ಬೋರ್ಡಿಗೆ ಗಂಧ ಹಚ್ಚಲು ಬಂದಾಗ ಅಡ್ಡ ನಿಂತು ಡಬ್ಬಿಯ ಮುಚ್ಚಳಕ್ಕೆ ಹಚ್ಚಿಸಿದ. ಶಿವಕುಮಾರಿ ಫೋಟೋ ನೋಡಿ, "ಇಷ್ಟs ಏನು? ಬಿಸ್ಕೀಟ್ ಇದ್ದಂಗದ" ಅಂದಳು. ಅವಳಿಗೆ ಏನು ತಿಳಿಯುತ್ತದೆ ಎಂದುಕೊಂಡ.

ಬಿಸ್ಕೀಟಿಗೆ ಅಪ್ಪಣೆ ಬರೆಯುವುದು ಏಣಿಯ ಚಿತ್ರದಲ್ಲಿ. ಎರಡು ನಿಂತ ಗೆರೆ, ನಡುವೆ ಮೆಟ್ಟಿಲು, ಮೆಟ್ಟಿಲ ಮೇಲೆ ಸ್ಟಾರ್ಟು, ಸ್ಟಾಪು, ಟೈಮರು, ಕೊನೆಗೆ ಮೋಟಾರು. ಏಣಿ ಎಂದರೆ ತನ್ನದೇ ವಿದ್ಯೆ ಎಂದು ಖುಷಿಯಾಗಿದ್ದ. ಸ್ಟಾಪ್ ಬಟನ್ನಿಗೆ ಮೊದಲು ತಂತಿ ಹಾಕಿದ್ದು ಅವನ ಕೈ. ಹಳೆಯ ಅಭ್ಯಾಸದಂತೆ ಸದಾ ಕರೆಂಟು ಹರಿಯುವ ಹಾಗೆಯೇ ಹಾಕಿತ್ತು. ಬಿಲ್ಡಿಂಗಿನ ವಾಚ್‌ಮನ್ ಗಂಟೆಗೊಮ್ಮೆ ಸೀಟಿ ಊದುತ್ತಾನಲ್ಲ, ಸೀಟಿ ಕೇಳುವವರೆಗೆ ಎಲ್ಲ ಕ್ಷೇಮ, ಸೀಟಿ ನಿಂತಿತೋ ಎದ್ದು ನೋಡಬೇಕು. ಹಾಗೆಯೇ ಆ ತಂತಿ. ಬಟನ್ ಒತ್ತಿದರೂ ಕರೆಂಟು ನಿಲ್ಲುತ್ತದೆ, ಇಲಿ ತಂತಿ ಕಡಿದರೂ ನಿಲ್ಲುತ್ತದೆ, ಎರಡರಲ್ಲೂ ಯಂತ್ರ ಮಲಗಿಬಿಡುತ್ತದೆ. ಆಮೇಲೆ ತಲೆ ಪರದೆಯ ಮುಂದೆ ಕೂತಿತು. ನೋಟ್‌ಬುಕ್ಕಿನಲ್ಲಿ ದಪ್ಪಗೆ "ಸ್ಟಾಪ್ ಅಂದ್ರೆ ಬಂದ್" ಎಂದು ಬರೆದುಕೊಂಡು, ಬಂದ್‌ಗೆ ತಕ್ಕ ಹಾಗೆ ಏಣಿಯ ಸ್ಟಾಪಿಗೆ ಅಡ್ಡಗೀಟು ಎಳೆಯಿತು. ಅಡ್ಡಗೀಟು ಎಂದರೆ ಆ ತಂತಿಯಲ್ಲಿ ಕರೆಂಟು ಇಲ್ಲದಿದ್ದರೆ ಮಾತ್ರ ಓಡು ಎಂದರ್ಥ. ಯಂತ್ರ ಮೂರು ದಿನ ಜಪ್ಪಯ್ಯ ಎಂದರೂ ಶುರುವಾಗಲಿಲ್ಲ. ಸೇಠರು ಬಾಗಿಲಲ್ಲಿ ನಿಂತು ಕೆಮ್ಮತೊಡಗಿದರು. ಪರದೆಯ ಮೇಲಿನ ಒಂದು ಗೀಟು ಅಳಿಸಿದ್ದರೆ ಮುಗಿಯುತ್ತಿತ್ತು. ಅಳಿಸಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದು ತಪ್ಪಾಗುವುದುಂಟೆ, ವೈರ್‌ಮನ್ನನ ಕೈಯೇ ತಪ್ಪು ಮಾಡಿರಬೇಕು ಎಂದು ತನ್ನ ಕೈಯನ್ನೇ ಬೈದು, ಬಟನ್ನಿನ ತಂತಿಯನ್ನು ಬಿಚ್ಚಿ, ಒತ್ತಿದರೆ ಮಾತ್ರ ಕರೆಂಟು ಹರಿಯುವ ಹಾಗೆ ಉಲ್ಟಾ ಹಾಕಿದ. ಯಂತ್ರ ಗರಗರ ಓಡಿತು. ಚಪ್ಪಾಳೆ ಬಿತ್ತು. ಈಗ ಆ ಬಟನ್ ಒತ್ತಿದಾಗ ಮಾತ್ರ ಕೂಗುತ್ತದೆ. ತಂತಿ ತುಂಡಾಗಿದ್ದರೆ ಗಂಟಲೇ ಇಲ್ಲ, ಒತ್ತಿದರೂ ಬೋರ್ಡಿಗೆ ಕೇಳದು. ಕಾಂದಿವಲಿ ಬಂತು, ಯಾರೋ ಅವನ ಕಾಲು ತುಳಿದು ಇಳಿದರು, ಸರಿಯಾಗಿಯೇ ತುಳಿದರು ಅನ್ನಿಸಿತು.

ಇಷ್ಟೇ ಆಗಿದ್ದರೆ ಹೋಗಲಿ, ಇದ್ದೇ ಇದೆ, ಸದ್ದಿಲ್ಲದೆ ಸರಿಮಾಡಬಹುದಿತ್ತು. ನಿನ್ನೆ ಮಲ್ಲಕ್ಕನಿಗೆ ಹಾಗೆ ಬಾಯಿ ಮಾಡಬಾರದಿತ್ತು. ಮಲ್ಲಕ್ಕ ಅವನದೇ ಕಡೆಯವಳು, ಆಳಂದದ ಹತ್ತಿರದ ಹಳ್ಳಿ, ಅವನಿಗಿಂತ ಹತ್ತು ವರ್ಷ ಹಿರಿಯಳು, ದೊಡ್ಡ ಗ್ರೈಂಡರಿನ ಕಲ್ಲುಗಳ ಸಂದಿಯಲ್ಲಿ ಅಂಟಿದ ಹಿಟ್ಟನ್ನು ಬಲಗೈ ಮೊಣಕೈತನಕ ಇಳಿಸಿ ಕೆರೆದು ತೆಗೆಯುವವಳು. ಅದೇ ಕೈಯಲ್ಲಿ ಸೋಮವಾರಕ್ಕೊಮ್ಮೆ ಇವನಿಗೆ ಜೋಳದ ರೊಟ್ಟಿ ತಟ್ಟಿ ತರುವವಳು. ಹಿಟ್ಟು ಬಿಸಿಯಾಗಬಾರದೆಂದು ಗ್ರೈಂಡರ್ ಆಗಾಗ ನಾಲ್ಕು ನಿಮಿಷ ತಾನೇ ನಿಲ್ಲುತ್ತದೆ, ಆಮೇಲೆ ಟೈಮರಿನ ಅಪ್ಪಣೆಯಂತೆ ತಾನೇ ಓಡುತ್ತದೆ. ಆ ಬಿಡುವಿನಲ್ಲೇ ಅವಳು ಕೈ ಹಾಕುವುದು. ಕೆಂಪು ಬಟನ್ ಒತ್ತಿದರೆ ಅದು ಒಳಗೆ ಕಚ್ಚಿಕೊಂಡು ಕೂರುತ್ತದೆ, ಮತ್ತೆ ತಿರುವಿ ಬಿಡಿಸುವವರೆಗೆ ಟೈಮರಿನ ಆಟ ನಡೆಯಬಾರದು. ಆದರೆ ಮೂರು ವಾರದಲ್ಲಿ ಬೋರ್ಡಿನ ಮೆಮೊರಿ ಕಾರ್ಡುಗಳು ಒಂದಾದ ಮೇಲೊಂದು ನಾಲ್ಕು ಸತ್ತವು. ಚೀನಾದವರನ್ನು ಬೈದ, ಮಳೆಯನ್ನು ಬೈದ. ನಿನ್ನೆ ಕಣ್ಣಾರೆ ನೋಡಿದ. ಮಲ್ಲಕ್ಕ ಬಟನ್ ಕಡೆ ತಿರುಗಿಯೂ ನೋಡದೆ ಸೀದಾ ಗೋಡೆಗೆ ಹೋಗಿ ಮೇನ್ ಸ್ವಿಚ್ಚಿನ ಹ್ಯಾಂಡಲ್ಲನ್ನೇ ಕೆಳಕ್ಕೆ ಎಳೆದಳು. ಇಡೀ ಸಾಲು ಸತ್ತಿತು. ಸರಿಯಾಗಿ ಮುಚ್ಚದೆ ಕರೆಂಟು ಕಿತ್ತರೆ ಕಾರ್ಡು ಕೆಡುತ್ತದೆ; ಬರೆಯುತ್ತಿದ್ದ ಬೋರ್ಡು ನಡುಮಾತಿನಲ್ಲಿ ಕಣ್ಣು ಮುಚ್ಚಿತು. ಐದನೆಯ ಕಾರ್ಡು. "ಏ ಮಲ್ಲಕ್ಕ, ತಲಿ ಅದೋ ಇಲ್ಲೋ ನಿನಗ?" ಎಂದು ಇವನು ಕೂಗಿದ್ದಕ್ಕೆ ಹನ್ನೆರಡು ಜನ ಕೆಲಸ ಬಿಟ್ಟು ನೋಡಿದರು. "ಇದೇನು ನಿಮ್ಮೂರ ಗಿರಣಿ ಅಂತ ತಿಳಿದೀ ಏನು? ಕಂಪ್ಯೂಟರ್ ಅದ ಇದು, ಕಂಪ್ಯೂಟರ್!"

"ಗುಂಡಿ ಒತ್ತಿದ್ರ ಅದು ಖರೇ ಕೇಳ್ತೋ ಇಲ್ಲೋ ನನಗ ತಿಳಿಯಂಗಿಲ್ಲ ತಮ್ಮಾ" ಎಂದಿದ್ದಳು ಅವಳು. "ಕಲ್ಲು ಮೊದಲs ನಿಂತಿರ್ತದ. ಹ್ಯಾಂಡಲ್ ಎಳೆದ್ರ ತಿಳೀತದ."

"ನನ್ನ ಮಾತಿನ ಮ್ಯಾಲ ಭರೋಸ ಇಲ್ಲ? ಇಂಜಿನಿಯರ್ ನಾ ಇದ್ದೀನೋ ನೀ ಇದ್ದೀ?"

ಮಲ್ಲಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಆಯ್ತಪ. ನೀ ಹೇಳ್ದಂಗs ಮಾಡ್ತೀನಿ" ಎಂದಳು. ಕಾಶಿನಾಥ ಅಷ್ಟಕ್ಕೇ ಬಿಟ್ಟನೆ? ಮೇನಿನ ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಹಲ್ಲು ಕಚ್ಚಿ ಎಳೆದು ಬಿಗಿದ. ಯಾರೋ ನಕ್ಕರು. ಪವಾಯಿಯ ಆ ಹುಡುಗಿಯ ನಗುವೂ ಹೀಗೇ ಇತ್ತು. ಈ ಸಲ ನಗಿಸಿದವನು ತಾನು ಎಂದು ಆಗ ಹೆಮ್ಮೆಯೇ ಆಗಿತ್ತು. ಈಗ ರೈಲಿನಲ್ಲಿ ಕೂತು ಜೇಬಿನ ಫೋನು ತೆಗೆದ. ಸೇಠರಿಗೆ ಫೋನ್ ಹಚ್ಚಿದ, ಎಂಗೇಜು. ಮಲ್ಲಕ್ಕನ ಫೋನು ಒಳಗೆ ಒಯ್ಯುವಂತಿಲ್ಲ, ಹೊರಗೆ ಗೂಡಿನಲ್ಲಿ ಚಪ್ಪಲಿಯ ಪಕ್ಕ ಹೊಡೆದುಕೊಳ್ಳುತ್ತಿರುತ್ತದೆ. ಎಂಟಕ್ಕೆ ಅವಳ ಪಾಳಿ ಶುರು. ಈಗ ಎಂಟೂ ಇಪ್ಪತ್ತು.

ಬೊರಿವಲಿಯಲ್ಲಿ ರಿಕ್ಷಾದವನಿಗೆ "ಜಲ್ದಿ" ಎಂದದ್ದಕ್ಕೆ ಅವನು "ಮೈ ಕ್ಯಾ ಉಡಾವೂ?" ಎಂದು, ಹಾರಿಸಿಕೊಂಡು ಹೋಗಲೇ ಎಂಬಂತೆ ಕೇಳಿ, ಸಿಗ್ನಲ್ಲಿನಲ್ಲಿ ಬೇಕೆಂದೇ ತಂಬಾಕು ತಿಕ್ಕುತ್ತ ಕೂತ. ಕಾರ್ಖಾನೆ ಹೊಕ್ಕಾಗ ಮಲ್ಲಕ್ಕ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಎರಡೂ ಕೈ. ಐದೈದು ಬೆರಳು. ಕಾಶಿನಾಥ ಎಣಿಸಿಯೇ ಎಣಿಸಿದ. ಆಹಾ, ಆಗ ಅವನಿಗಾದ ಸಂತೋಷ ಎಂಥದೆಂದರೆ ಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಸಂತೋಷವೆಂಬುದು ಕಾಲು ಹಿಡಿಯುವಷ್ಟು ಹೊತ್ತು ಬಾಳುವುದಿಲ್ಲ. ಕೈ ನೆಟ್ಟಗಿದೆ ಎಂದ ಮೇಲೆ ತಂತಿಯೂ ನೆಟ್ಟಗಿದೆ, ತಂತಿ ನೆಟ್ಟಗಿದ್ದರೆ ತಪ್ಪು ಯಾರಿಗೂ ಕಾಣುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಿಮಿಷದಲ್ಲಿ ಬದಲಿಸಿಬಿಟ್ಟರಾಯಿತು. ಹೀಗೆ ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದಾಗ ಸದಾನಂದ ಸೇಠರು ಓಡಿಬಂದರು. ತಲೆಗೆ ಕೂದಲು ಬೀಳದ ಜಾಲಿಟೋಪಿ ಹಾಕಿದ್ದರು, ಇವನ ಬೋಳುತಲೆಗೂ ಒಂದನ್ನು ತಾವೇ ಎಳೆದು ಕೂರಿಸಿದರು.

"ಎಂತ ಮಾರಾಯ, ಎಷ್ಟೊತ್ತಿಗೆ ಬರುವುದು ನೀನು? ಆ ಅಮೋಲ್ ಸಾಹೇಬ್ರು ತಪಾಸಣೆಗೆ ಬಂದು ಕೂತಿದ್ದಾರೆ, ಎರಡು ಚಾ ಆಯ್ತು. ವಿಮಾನದ ಊಟದ ಕಾಂಟ್ರ್ಯಾಕ್ಟ್, ಗೊತ್ತುಂಟಲ್ಲ? ನಮ್ಮ ಇಡ್ಲಿ ಇನ್ನು ಆಕಾಶದಲ್ಲಿ!"

"ಸೇಠ್ರೇ, ಸ್ವಲ್ಪ ಪ್ಯಾನೆಲ್ ಬಿಚ್ಚಬೇಕಾಗಿತ್ತು. ಹತ್ತs ಮಿನಿಟ್."

"ಪ್ಯಾನೆಲ್ ಮುಟ್ಟಿದ್ರೆ ಕೈ ಕಡಿತೇನೆ ನೋಡು! ಓಡ್ತಾ ಉಂಟಲ್ಲ? ಓಡ್ಲಿಕ್ಕೆ ಬಿಡು. ಅವರಿಗೆ ನಾನು ಎಂತ ಹೇಳಿದ್ದು ಗೊತ್ತುಂಟಾ? ನಮ್ಮ ಇಂಜಿನಿಯರ್ ಪವಾಯಿಯಿಂದ ಬರ್ತಾರೆ ಅಂತ."

ಸುಳ್ಳಲ್ಲ, ಪವಾಯಿಯಿಂದಲೇ ಬರುತ್ತಾನೆ, ಗೋರೆಗಾಂವ್ ತನಕ ಬಸ್ಸಿನಲ್ಲಿ, ಆಮೇಲೆ ಲೋಕಲಿನಲ್ಲಿ. ಅಮೋಲ್ ಸಾಹೇಬರು ಚಿಕ್ಕ ವಯಸ್ಸಿನವರು, ಬಿಳಿ ಕೋಟು, ಕೈಯಲ್ಲಿ ಟ್ಯಾಬು, ನಗು ಬರೀ ತುಟಿಗೆ. ಬೋರ್ಡಿನ ಡಬ್ಬಿಯೊಳಗೆ ಇಣುಕಿ, "ಇತ್ನಾ ಛೋಟಾ?" ಎಂದು ಮೆಚ್ಚಿ, "ಸರ್, ಆಪ್‌ನೆ ಖುದ್ ಬನಾಯಾ?" ಎಂದು ಕೇಳಿದರು. ಸರ್! ಕಾಶಿನಾಥನ ಬೆನ್ನು ತಾನಾಗಿ ನೆಟ್ಟಗಾಯಿತು. ಏಣಿಯ ಮೇಲೆ ನಿಂತ ಹದಿನಾಲ್ಕು ವರ್ಷ ಯಾರೂ ಅವನನ್ನು ಸರ್ ಎಂದಿರಲಿಲ್ಲ, ಕೆಳಗೆ ಇಳಿದ ಮೇಲೆ ಅನ್ನುತ್ತಿದ್ದಾರೆ, ಇದನ್ನು ಇನ್ನೊಂದು ಗಂಟೆಯಾದರೂ ಇಟ್ಟುಕೊಳ್ಳಬಾರದೆ? ನೀರಿನ ವಾಲ್ವು ತೋರಿಸಿದ, ಟೈಮರ್ ತೋರಿಸಿದ, ಹಿಂದಿ ಇಂಗ್ಲಿಷು ಬೆರೆಸಿ ಮಾತಾಡಿದ, ತನ್ನ ದನಿಗೆ ತಾನೇ ತಲೆದೂಗಿದ. ಗ್ರೈಂಡರ್ ಬಿಡುವಿಗೆ ನಿಂತಿತು. ಸಾಹೇಬರು ಟ್ಯಾಬಿನಲ್ಲಿ ಬೆರಳಾಡಿಸಿ, "ಅಬ್ ಸಫಾಯಿ ದಿಖಾಯಿಯೇ. ಸ್ಟಾಪ್ ದಬಾಕೆ, ಹಾಥ್ ಅಂದರ್. ಪೂರಾ ಟೈಮ್ ನಿಕಲ್ನೆ ದೋ, ಮಶೀನ್ ಶುರು ನಹೀ ಹೋನಾ ಚಾಹಿಯೇ" ಎಂದರು. ಸ್ಟಾಪ್ ಒತ್ತಿ ಕೈ ಒಳಗಿಡಬೇಕು, ಟೈಮರಿನ ಹೊತ್ತು ಪೂರ್ತಿ ಮುಗಿದರೂ ಯಂತ್ರ ಓಡಕೂಡದು.

ಸೇಠರು ಕಣ್ಸನ್ನೆ ಮಾಡಿದರು. ಮಲ್ಲಕ್ಕ ಮುಂದೆ ಬಂದು ಕೆಂಪು ಬಟನ್ ಒತ್ತಿದಳು. ಅದು ಕಟಕ್ ಎಂದು ಕಚ್ಚಿಕೊಂಡಿತು. ಕಲ್ಲು ಮೊದಲೇ ನಿಂತಿತ್ತು, ಈಗಲೂ ನಿಂತಿತ್ತು. ಒತ್ತಿದ್ದು ಬೋರ್ಡಿಗೆ ಕೇಳಿತೋ ಇಲ್ಲವೋ, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಅವಳು ಬಳೆಗಳನ್ನು ಮೇಲಕ್ಕೆ ಸರಿಸಿದಳು. ಕೈ ಹಾಕುವ ಮೊದಲು ಗೋಡೆಯ ಕಡೆ ನೋಡಲಿಲ್ಲ, ಯಂತ್ರದ ಕಡೆ ನೋಡಲಿಲ್ಲ, ಕಾಶಿನಾಥನ ಮುಖ ನೋಡಿದಳು. ಬೆಳಿಗ್ಗೆಯೂ ಹೀಗೇ ಹಾಕಿರುತ್ತಾಳೆ, ಇವನ ಮಾತು ನಂಬಿ. ಬೆಳಿಗ್ಗೆ ತಂತಿ ಇತ್ತು. ಈಗಲೂ ಇರುತ್ತದೆ. ಇರಲೇಬೇಕು, ಒಂದೆರಡು ಗಂಟೆಯಲ್ಲಿ ಇಲಿಗೆ ಬೇರೆ ಕೆಲಸವಿಲ್ಲವೆ? ನೂರಕ್ಕೆ ತೊಂಬತ್ತೊಂಬತ್ತು ಏನೂ ಆಗುವುದಿಲ್ಲ. ಅವಳ ಬೆರಳುಗಳು ಡ್ರಮ್ಮಿನ ಅಂಚು ದಾಟಿದವು.

"ಬ್ಯಾಡಾ!"

ಇಷ್ಟು ದೊಡ್ಡ ದನಿ ತನ್ನೊಳಗೆ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಮಲ್ಲಕ್ಕ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಕಾಶಿನಾಥ ಡಬ್ಬಿಯ ಮುಚ್ಚಳ ಕಿತ್ತು, ಸ್ಟಾಪಿನ ಎರಡು ತಂತಿಗಳಲ್ಲಿ ಒಂದನ್ನು ಹಿಡಿದು ಜಗ್ಗಿ ಹೊರಗೆಳೆದ. "ಇಲಿ ಕಡಿದ್ರ ಹಿಂಗ ಆಗ್ತದ. ಎಲ್ಲಾರೂ ದೂರ ನಿಂದ್ರರಿ. ನೋಡ್ರಿ" ಎಂದ. ನೋಡಲು ಏನೂ ಇರಲಿಲ್ಲ. ಟೈಮರಿನಲ್ಲಿ ಇನ್ನೂ ಎರಡೂವರೆ ನಿಮಿಷ ಬಾಕಿ ಇತ್ತು. ಬಟನ್ ಒತ್ತಿಯೇ ಇತ್ತು. ಹನ್ನೆರಡು ಜನ, ಒಬ್ಬ ಸೇಠು, ಒಬ್ಬ ಸಾಹೇಬ ಅಲುಗದ ಕಲ್ಲನ್ನು ದಿಟ್ಟಿಸಿದರು. ಮಾನ ಹೋಗುವುದಕ್ಕೂ ಸರದಿಯಲ್ಲಿ ನಿಂತು ಕಾಯಬೇಕಾಗಿ ಬಂದವನು ಇಡೀ ಮುಂಬಯಿಯಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ ಕಾಶಿನಾಥ. ಒಂದು ಕ್ಷಣ, ಓಡದೇ ಇರಲಿ ದೇವರೇ, ನನ್ನ ಲೆಕ್ಕವೇ ತಪ್ಪಿರಲಿ ಎಂದೂ ಬೇಡಿಕೊಂಡ. ಸೇಠರು ಕೆಮ್ಮಿದರು. ಜಾಲಿಟೋಪಿಯ ರಬ್ಬರು ಹಣೆಯಲ್ಲಿ ತುರಿಸಿತು, ತುರಿಸಿಕೊಳ್ಳಲು ನಾಚಿಕೆಯಾಯಿತು. ಆಮೇಲೆ ಬೋರ್ಡು, ತನ್ನ ಯಜಮಾನ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುತ್ತ, ಕೆಂಪು ಬಟನ್ನು ಕಚ್ಚಿಕೊಂಡಿರುವಂತೆಯೇ, ಕಲ್ಲುಗಳನ್ನು ಗರಗರ ತಿರುಗಿಸಿತು.

ಮಲ್ಲಕ್ಕ ತಿರುಗುವ ಕಲ್ಲನ್ನೂ ತನ್ನ ಬಲಗೈಯನ್ನೂ ಒಂದಾದ ಮೇಲೊಂದು ನೋಡಿದಳು.

"ತಪ್ಪು ನಂದು" ಎಂದ ಕಾಶಿನಾಥ. "ತಂತಿ ಉಲ್ಟಾ ಹಾಕೀನಿ. ನಿನ್ನಿ ಆಕಿಗೆ ಬೈದೆ ನೋಡ್ರಿ, ಆಕಿದು ಖರೇ ಇತ್ತು. ನಂದು ಸುಳ್ಳು." ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದ. ಹಿಂದಿಯಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸಿತು.

"ಎಂತ ಜನ ಮಾರಾಯ ನೀನು!" ಸೇಠರಿಗೆ ದನಿ ಬಂತು. "ಚಂದ ನಡೀತಿತ್ತಲ್ಲ! ಯಾರು ಕೇಳಿದ್ರು ನಿನ್ನ ಹತ್ರ?"

ಅಮೋಲ್ ಸಾಹೇಬರು ಟ್ಯಾಬಿನಿಂದ ತಲೆ ಎತ್ತಿ, "ಯೇ ಆಪ್ ಕೆ ಇಂಜಿನಿಯರ್ ಹೈ ನಾ?" ಎಂದರು.

"ಕಹಾಂ ಕಾ ಇಂಜಿನಿಯರ್ ಸಾಬ್! ವೈರ್‌ಮನ್ ಹೈ, ವೈರ್‌ಮನ್" ಎಂದರು ಸೇಠರು.

ಅಷ್ಟೇ. ಮೂರು ವಾರ ಹಿಡಿದು ಏರಿದ್ದು ಮೂರು ಸೆಕೆಂಡಿನಲ್ಲಿ ಇಳಿಯಿತು, ಅದೂ ನೆಲಕ್ಕೆ. ನೋವಾಯಿತು. ಚೆನ್ನಾಗಿಯೇ ನೋವಾಯಿತು. ಅಷ್ಟರಲ್ಲಿ ಮಲ್ಲಕ್ಕ ಹಿಟ್ಟು ಕೆರೆಯುವ ಉಕ್ಕಿನ ತಗಡು ಹಿಡಿದು ಗೋಡೆಗೆ ಹೋಗಿ, ಇವನು ಬಿಗಿದಿದ್ದ ಪಟ್ಟಿಯನ್ನು ಒಂದೇ ಏಟಿಗೆ ಕಡಿದು, ಹ್ಯಾಂಡಲ್ ಎಳೆದಳು. ಕಲ್ಲು ನಿಂತಿತು, ಫ್ಯಾನು ನಿಂತಿತು, ಬೋರ್ಡಿನ ಕಣ್ಣು ಆರಿತು. ಆರನೆಯ ಕಾರ್ಡು. ಕಾಶಿನಾಥ ಸತ್ತ ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಸಾಹೇಬರು ಏನೋ ಬರೆದುಕೊಂಡು, ಸಂಜೆ ನಾಲ್ಕಕ್ಕೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಸರಿಮಾಡಿ ತೋರಿಸಿ, ಇಲ್ಲದಿದ್ದರೆ ಇಡ್ಲಿ ನೆಲದ ಮೇಲೆಯೇ ಇರಲಿ ಎಂಬರ್ಥದ ಹಿಂದಿ ಆಡಿ ಹೊರಟರು. ಸೇಠರು ಅವರ ಹಿಂದೆಯೇ ಮೂರನೆಯ ಚಹಾ ಹಿಡಿದು ಓಡಿದರು.

ಸರಿಮಾಡಲು ಹಿಡಿದದ್ದು ಹದಿನೈದು ನಿಮಿಷ. ಹೊಸ ಕಾರ್ಡು ಹಾಕಿದ, ಏಣಿಯ ಆ ಒಂದು ಗೀಟು ಅಳಿಸಿದ, ಕೈ ಹೇಳಿದ ಹಾಗೆ ತಂತಿ ಹಾಕಿದ. ಕಲ್ಲು ಓಡಿಸಿ ಮಲ್ಲಕ್ಕನನ್ನು ಕರೆದ. "ನೀವs ತಂತಿ ಜಗ್ಗಿ ನೋಡ್ರಿ" ಎಂದ. ಅವಳು ಕೋಳಿಯ ಕಾಲು ಹಿಡಿದು ಎಳೆಯುವಂತೆ ಎಳೆದಳು. ಕಲ್ಲು ನಿಂತಿತು. "ಇನ್ನೊಮ್ಮೆ" ಎಂದಳು. ಜೋಡಿಸಿದ, ಓಡಿಸಿದ, ಎಳೆದಳು, ನಿಂತಿತು. "ಇನ್ನೊಮ್ಮೆ." ಏಳು ಸಲ ಎಳೆದಳು. ಏಳನೆಯದಕ್ಕೆ ಅವಳ ಬಾಯಿಯ ಅಂಚಿನಲ್ಲಿ ಏನೋ ಕಂಡಂತಾಯಿತು, ನಗುವೆಂದು ಹೇಳುವಷ್ಟು ಇರಲಿಲ್ಲ. ಕೆಂಪು ಬಟನ್ ಒತ್ತಿದಳು, ಬಳೆ ಮೇಲಕ್ಕೆ ಸರಿಸಿದಳು. ಅಬ್ಬಾ, ಗೆದ್ದೆ ಎಂದುಕೊಂಡ ಕಾಶಿನಾಥ. ಮಲ್ಲಕ್ಕ ಸೀದಾ ಗೋಡೆಗೆ ಹೋಗಿ ಹ್ಯಾಂಡಲ್ ಮೇಲೆ ಕೈ ಇಟ್ಟು ನಿಂತಳು.

ಇವನ ಬಾಯಿ ತೆರೆಯಿತು. ನಿನ್ನೆಯ ಬೈಗುಳದ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ಕೂತಿತು. ಅವಳ ಕೈ, ಹಿಟ್ಟಿನಲ್ಲಿ ನೆಂದು ಸುಕ್ಕಾದ ಬೆರಳುಗಳು, ಹ್ಯಾಂಡಲ್ ಹಿಡಿದ ಬಿಗಿ. ಅದು ಅವಳ ಕೈ. ಅದನ್ನು ಎಲ್ಲಿ ಇಡಬೇಕು, ಯಾವಾಗ ಇಡಬೇಕು ಎಂದು ಹೇಳಲು ಇವನು ಯಾರು?

"ಒಂದ್ ಮಿನಿಟ್ ತಡೀರಿ ಅಕ್ಕಾ" ಎಂದ. ಬೋರ್ಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದನ್ನು ಸರಿಯಾಗಿ ಮುಚ್ಚುವ ಅಪ್ಪಣೆ ಒತ್ತಿ, ಹಸಿರು ದೀಪ ಹತ್ತು ಸಲ ಮಿಟುಕಿ ಆರುವುದನ್ನು ನೋಡುತ್ತ ಕಾದ.

"ಏನ್ ಮಾಡ್ಲಕತ್ತೀ?"

"ಮಲಗಸ್ಲಕತ್ತೀನಿ ಇದಕ್ಕ. ದಿನಾ ನೀವು ಬರೂ ಹೊತ್ತಿಗೆ ಬಂದು, ನೀವು ಹ್ಯಾಂಡಲ್ ಎಳಿಯೂ ಮೊದಲ ಮಲಗಸ್ತೀನಿ."

"ದಿನಾ?"

"ದಿನಾ."

ದೀಪ ಆರಿತು. ಕಾಶಿನಾಥ ಎದ್ದು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಈಗ ಎಳೀರಿ" ಎಂದ.